ಕ್ ಯಾರ ಪಾಲಿಗೆ

ಬುಧವಾರ ಮಧ್ಯಾಹ್ನಕ್ಕೇ ಶಾಲೆ ಬಿಡುತ್ತದೆ.
ಯೋರಿಟ್ ಬಂದು ನನ್ನ ಅಡುಗೆಮನೆಯ ಮೇಜಿನ ಮೇಲೆ
ಅಂಗೈಯನ್ನು ಕೊಡಲಿ ಮಾಡಿ ಪದ ಕಡಿಯುತ್ತಾನೆ.
ಕಡಿ, ಅಂಟಿಸು; ಕಡಿ, ಅಂಟಿಸು:
ಅವನ ತರಗತಿಯಲ್ಲಿ ಓದು ಕಲಿಸುವುದೇ ಹೀಗೆ.
ಸಾಸಿವೆಯ ಡಬ್ಬಿ ಹಾರಿ ಹಾರಿ ಕೂರುತ್ತದೆ.

ನಾನೂ ಕಡಿಯುತ್ತಿದ್ದವನೇ.
ಮೂವತ್ತೊಂದು ವರ್ಷ ಜುಟ್‌ಫೆನ್ನಿನ ಪತ್ರಿಕೆಯಲ್ಲಿ
ಕರಡು ತಿದ್ದುತ್ತ, ಸಾಲಿನ ತುದಿಗೆ ಬಂದು ಜೋತುಬಿದ್ದ
ಉದ್ದುದ್ದ ಪದಗಳ ಕೀಲು ಹುಡುಕುತ್ತ.
ನಮ್ಮ ಡಚ್ಚು ಪದಕ್ಕೆ ಪದ ಹೊಸೆದು
ನಡುವೆ ಉಸಿರಾಡಲು ಸಂದು ಬಿಡುವುದಿಲ್ಲ.
ಕೀಲು ಸಿಕ್ಕರೆ ಸರಿ.
ಇಲ್ಲದಿದ್ದರೆ ಮೂಳೆಯೇ ಮುರಿಯುತ್ತದೆ.

ಹೊಸ ಯಂತ್ರ ಬಂದ ವರ್ಷ. ಅದಕ್ಕೆ ಎಣಿಸಲು ಬರುತ್ತಿತ್ತು,
ಕೇಳಲು ಬರುತ್ತಿರಲಿಲ್ಲ.
ಯಾರೋ ಮಸಾಜು ಮಂಚ ಮಾರಲು ಕೊಟ್ಟ ಪುಟ್ಟ ಜಾಹೀರಾತು:
ಮಸಾಝ-ಬೆಟ್.
ಯಂತ್ರ ಎರಡಕ್ಷರ ಮೊದಲೇ ಮುರಿಯಿತು.
ಮೇಲೆ ಮಸ್ಸ, ಗೀಟು; ಕೆಳಗಿನ ಸಾಲಿಗೆ ಖಬೆಟ್.
ಮೆತ್ತಗೆ ಝೇಂಕರಿಸಬೇಕಿದ್ದ ಅದೇ ಅಕ್ಷರ
ಸಾಲು ದಾಟಿದ್ದೇ ಗಂಟಲು ಕೆರೆದುಕೊಂಡಿತು.
ಊರೆಲ್ಲ ಓದಿತು: ಸಾಮೂಹಿಕ ಪ್ರಾರ್ಥನೆ ಮಾರಾಟಕ್ಕಿದೆ,
ಹೆಚ್ಚು ಬಳಸಿಲ್ಲ, ಬಂದು ಒಯ್ಯತಕ್ಕದ್ದು.
ಪಾದ್ರಿ ಫೋನು ಮಾಡಿದರು.
ಬೆಲೆ ಕೇಳಿದರು.

ಈ ಕತೆಗೆ ಯೋರಿಟ್ ನಗುವುದಿಲ್ಲ, ಎಷ್ಟನೇ ಸಲವೋ ಏನೋ.
'ಅಜ್ಜ, ಇದು?' ಬೆರಳಿಡುತ್ತಾನೆ.
ಕೈ ಎತ್ತುತ್ತಾನೆ, ತಡೆಯುತ್ತಾನೆ, ಕಡಿಯುತ್ತಾನೆ:
ವಲ್ಕ್. ಅಯ್ಲ್.
ಗಿಡುಗ. ಗೂಬೆ.
'ಗಿಡುಗಗೂಬೆ!' ತೋಳು ಬಿಡಿಸಿ ಕುರ್ಚಿ ಹತ್ತುತ್ತಾನೆ,
ಹಗಲಿಗೆ ಒಂದು ಕಣ್ಣು, ಇರುಳಿಗೆ ಇನ್ನೊಂದು.
ಪುಸ್ತಕದಲ್ಲಿರುವುದು ವಲ್. ಕಯ್ಲ್.
ಸೊಪ್ಪು ಮುಚ್ಚಿದ ಖೆಡ್ಡದ ಗುಂಡಿ.
ಹೇಳಲೋ ಬೇಡವೋ ಅನ್ನುವಷ್ಟರಲ್ಲಿ
ಹಳೆಯ ಕಸುಬು ಹೇಳಿಬಿಟ್ಟಿತು.

'ಹಾಗಾದರೆ ಕ್ ಯಾರದು?'
'ಗುಂಡಿಯದು.'
'ಗಿಡುಗದ್ದೂ ಹೌದಲ್ಲ?'
'ಎರಡೂ ಕಡೆ ಇರಲಾಗದು ಅದಕ್ಕೆ.'
ಅಂದೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ.
ಅವನ ಬೆನ್ನ ಹಿಂದೆ ಗೋಡೆಯಲ್ಲಿ ಕ್ಯಾಲೆಂಡರು:
ಸೋಮ ಮಂಗಳ ನನ್ನ ಮಗಳು ಹಿಲ್ಕೆಯ ಹಸಿರು,
ಗುರು ಶುಕ್ರ ರುರ್ಡ್‌ನ ಕಿತ್ತಳೆ,
ಬುಧವಾರದ ಹೊಟ್ಟೆಯ ಮೇಲೆ
ವಕೀಲರು ಅಳತೆಪಟ್ಟಿ ಹಿಡಿದು ಎಳೆದ ಗೆರೆ.

ಅವನೋ ಎರಡನ್ನೂ ಅಂದು ಅಂದು ನೋಡುತ್ತಿದ್ದ.
ವಲ್ಕಯ್ಲ್, ವಲ್ಕ್ ಅಯ್ಲ್.
ಕಿವಿಗೆ ಇರುವುದು ಕೂದಲೆಳೆಯ ಅಂತರ:
ಕ್ ಹಿಂದಕ್ಕೆ ವಾಲಿದರೆ, ಗೂಬೆಗೆ ಮುಂಚೆ
ಗಂಟಲಲ್ಲಿ ಒಂದು ಪುಟ್ಟ ಬಾಗಿಲು
ಮುಚ್ಚಿ ತೆರೆಯುತ್ತದೆ.
ಅಷ್ಟು ಹೊತ್ತು ಯಾರೂ ಯಾರ ಮನೆಯಲ್ಲೂ ಇರುವುದಿಲ್ಲ.

ನಮ್ಮ ಕಚೇರಿಯಲ್ಲಿ ಒಂದು ಕಟ್ಟಳೆಯಿತ್ತು:
ಏನೇ ಮುರಿ, ಎಲ್ಲೇ ಮುರಿ,
ಒಂದೇ ಅಕ್ಷರವನ್ನು ಸಾಲಿನ ಅಂಚಿಗೆ
ಒಂಟಿಯಾಗಿ ಬಿಡಬೇಡ.
ಮೂರೂವರೆಗೆ ಸೇತುವೆಯ ನಡುವಿನವರೆಗೆ
ಅವನ ಸೈಕಲ್ಲಿನ ಪಕ್ಕ ನಡೆದೆ.
ಕೆಳಗೆ ಐಸೆಲ್ ನದಿ, ಮರಳು ಹೊತ್ತ ದೋಣಿ,
ಆಚೆ ದಡದಲ್ಲಿ ಕೈ ಬೀಸುತ್ತ ರುರ್ಡ್.
ನಾವಿಬ್ಬರೂ ಮಾತಾಡಿ ವರ್ಷವಾಯಿತು; ನಾನೂ ಬೀಸಿದೆ.
ಬೆನ್ನಚೀಲ ಕುಣಿಸುತ್ತ ಹೋದ ಹುಡುಗ
ದೂರದಿಂದ ತಿರುಗಿ ಏನೋ ಕೂಗಿದ.
ಗಾಳಿ ಅದನ್ನು ಎಲ್ಲಿ ಕಡಿಯಿತೋ,
ನನ್ನವರೆಗೆ ಬಂದದ್ದು ಗೂಬೆ ಮಾತ್ರ.

ಮನೆಗೆ ಬಂದರೆ ಸಾಸಿವೆ ಡಬ್ಬಿಯ ಪಕ್ಕ
ಅವನ ಕೈಗವಸು, ಎಡಗೈಯದು.
ಹಂಟ್‌ಸ್ಖೂನ್. ಅಕ್ಷರದ ಜಗಳವೇ ಇಲ್ಲದ ಪದ,
ಮಗುವೂ ಕಡಿಯಬಲ್ಲದು ಸರಿಯಾಗಿ:
ಕೈ. ಜೋಡು.
ಬೆರಳು ತುರುಕಲು ನೋಡಿದೆ, ಎರಡು ಮಾತ್ರ ಹಿಡಿದವು.
ಜೋಡು, ಅದೂ ಒಂಟಿ.